ಭದ್ರಾವತಿಗೆ, ನಾರ್ವೆ ಮಾರ್ಗವಾಗಿ

ಚಂದ್ರಶೇಖರಪ್ಪನವರ ಎರಡೂ ಕಣ್ಣುಗಳ ಪೊರೆ ತೆಗೆದು, ಇನ್ನು ಧಾರಾಳವಾಗಿ ಕಾರು ಓಡಿಸಬಹುದು ಎಂದು ಡಾಕ್ಟರು ಹೇಳಿದ ದಿನ ಅವರ ಹೆಂಡತಿ ಕಲ್ಲಮ್ಮನವರಿಗೆ ಅನ್ನ ಸೇರಲಿಲ್ಲ. ಗಂಡನಿಗೆ ದೃಷ್ಟಿ ಮರಳಿತೆಂದು ದುಃಖಿಸಿದ ಪತಿವ್ರತೆ ಪುರಾಣದಲ್ಲಿ ಇದ್ದಂತಿಲ್ಲ. ಆದರೆ ಪುರಾಣದ ಗಂಡಂದಿರು ಯಾರೂ ಆಲ್ಕೊಳ ಸರ್ಕಲ್ಲಿನಲ್ಲಿ ಕಾರು ಓಡಿಸಿದವರಲ್ಲ.

ಕಲ್ಲಮ್ಮ ಶಿವಮೊಗ್ಗದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದು ನಿವೃತ್ತರಾದವರು. (ತೊಟ್ಟಿಲಲ್ಲಿ ಹೆಸರಿಡುವಾಗಲೇ ಆಕೆಯ ತಂದೆತಾಯಿಗೆ ಮುಂದಿನದೆಲ್ಲ ಗೊತ್ತಿತ್ತು ಎಂದು ವಿದ್ಯಾರ್ಥಿಗಳು ಹೇಳಿಕೊಳ್ಳುತ್ತಿದ್ದರು.) ಗಂಡನ ಕಣ್ಣು ಮಂಜಾದ ಕಾಲದಲ್ಲಿ ಅವರು ಡ್ರೈವಿಂಗ್ ಸ್ಕೂಲಿಗೆ ಸೇರಿ, ಮೊಮ್ಮಕ್ಕಳ ವಯಸ್ಸಿನವರ ನಡುವೆ ಕುಳಿತು ಚಿಹ್ನೆಗಳನ್ನು ಬಾಯಿಪಾಠ ಮಾಡಿ, ಲೈಸೆನ್ಸು ಪಡೆದು, ಸ್ಟಿಯರಿಂಗ್ ಹಿಡಿದಿದ್ದರು. ಆ ಪೊರೆಯ ಕಾಲವೇ ಅವರ ಬದುಕಿನ ಸುವರ್ಣಯುಗ. ಕಾರಿನ ಹಾರ್ನಿಗೆ ವಿಶ್ರಾಂತಿ ಸಿಕ್ಕಿತ್ತು. ಕಲ್ಲಮ್ಮನವರ ಹೃದಯಕ್ಕೂ.

ರಸ್ತೆಯ ಹುಚ್ಚು ಅವರಿಗೆ ಹತ್ತಿದ್ದು ಮಾತ್ರ ಅದಕ್ಕೂ ಮುಂಚೆ. ಅವರ ಸಹೋದ್ಯೋಗಿಯೊಬ್ಬರ ಗಂಡ ಒಂದು ಭಾನುವಾರ ಬೆಳಿಗ್ಗೆ ಮೊಸರು ತರಲು ಸ್ಕೂಟರಿನಲ್ಲಿ ಹೋದವರು ಆಲ್ಕೊಳ ಸರ್ಕಲ್ ದಾಟಲಿಲ್ಲ. ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ವಿಧಿ ಎಂದರು. ಕಲ್ಲಮ್ಮ ಮನೆಗೆ ಬಂದು, ಬೇರೆ ದೇಶಗಳಲ್ಲಿ ವಿಧಿ ಎಷ್ಟು ಜನರನ್ನು ಒಯ್ಯುತ್ತದೆ ಎಂದು ಹುಡುಕಿದರು. ನಾರ್ವೆಯಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಇಬ್ಬರು. ನಮ್ಮಲ್ಲಿ ಹನ್ನೆರಡಕ್ಕೆ ಕಡಿಮೆಯಿಲ್ಲ. ವಿಧಿಗೆ ನಾರ್ವೆಯ ವೀಸಾ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಒಂದು ವೇಳೆ ಛೇದ ತಪ್ಪಿರಬಹುದೆಂದು ಅವರು ವಾಹನಗಳ ಸಂಖ್ಯೆಯಿಂದ ಭಾಗಿಸಿ ನೋಡಿದರು. ಫಲಿತಾಂಶ ಇನ್ನೂ ಕೆಟ್ಟದಾಯಿತು. ಯಾವ ಛೇದ ಹಾಕಿ ಭಾಗಿಸಿದರೂ ಸಾಯುವವರು ನಾವೇ ಆಗಿದ್ದೆವು.

ಚಂದ್ರಶೇಖರಪ್ಪ ಈ ಲೆಕ್ಕವನ್ನು ಒಪ್ಪುತ್ತಿರಲಿಲ್ಲ.

"ನಾರ್ವೆಲಿ ಜನ ಎಲ್ಲಿದ್ದಾರೆ ಸಾಯೋಕೆ?" ಎನ್ನುವರು. "ಲಕ್ಷ ಜನ ಒಟ್ಟು ಸೇರಿಸಬೇಕು ಅಂದ್ರೆ ನಾಕು ಊರು ತಿರುಗಬೇಕು ಮಾರಾಯ್ತಿ."

"ಅದಕ್ಕೇ ಲಕ್ಷಕ್ಕೆ ಅಂತ ಲೆಕ್ಕ ಹಾಕೋದು."

"ಅವರಿಗೆ ಎಲ್ಲಿಗಾದ್ರೂ ಹೋಗೋ ಅವಸರ ಇದ್ರೆ ತಾನೆ."

ಅವಸರ ಚಂದ್ರಶೇಖರಪ್ಪನವರ ಪಿತ್ರಾರ್ಜಿತ ಆಸ್ತಿ. ಅವರ ತಂದೆಯದೊಂದು ಬಸ್ಸು ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಓಡುತ್ತಿತ್ತು. ಬೇಸಿಗೆ ರಜೆಯನ್ನೆಲ್ಲ ಅವರು ಅದರ ಹಿಂಬಾಗಿಲಿಗೆ ಜೋತುಬಿದ್ದು ಕಳೆದವರು. ಮುಂದೆ ಓದಿ, ಬ್ಯಾಂಕು ಸೇರಿ, ಮ್ಯಾನೇಜರಾಗಿ ನಿವೃತ್ತರಾದರೂ ಒಳಗಿದ್ದ ಕಂಡಕ್ಟರ್ ನಿವೃತ್ತನಾಗಿರಲಿಲ್ಲ. ಊಟಕ್ಕೆ ಕುಳಿತಾಗ ಸಾರು ಸಾಕೆನಿಸಿದರೆ "ಹೋಲ್ಡಾನ್" ಎನ್ನುವರು. ಮಜ್ಜಿಗೆ ಬರಲಿ ಎನ್ನುವುದಕ್ಕೆ "ರೈಟ್" ಎನ್ನುವರು. ಮಗಳ ಮದುವೆಯಲ್ಲಿ ತಾಳಿ ಕಟ್ಟುವ ಮುಹೂರ್ತ ಬಂದಾಗ ಅಳಿಯನ ಬೆನ್ನು ತಟ್ಟಿ "ರೈಟ್ ರೈಟ್" ಎಂದಿದ್ದನ್ನು ಬೀಗರು ಇನ್ನೂ ಮರೆತಿಲ್ಲ. ಕಾರು ಓಡಿಸುವಾಗ ಅವರ ಒಂದು ಕೈ ಸದಾ ಹಾರ್ನಿನ ಮೇಲಿರುತ್ತಿತ್ತು. ಮತ್ತೊಂದು ಕೈ ಕಿಟಕಿಯ ಆಚೆ ಇಡೀ ಜಿಲ್ಲೆಗೆ ದಾರಿ ತೋರಿಸುತ್ತಿತ್ತು. ಸ್ಟಿಯರಿಂಗ್ ಯಾರು ಹಿಡಿದಿರುತ್ತಿದ್ದರು ಎಂಬುದು ಕಲ್ಲಮ್ಮನವರಿಗೆ ಕೊನೆಯವರೆಗೂ ಬಿಡಿಸಲಾಗದ ಸಮಸ್ಯೆ. ಅವರ ಬೇಡಿಕೆ ದೊಡ್ಡದೇನಲ್ಲ. ಲಕ್ಷಕ್ಕೆ ಹನ್ನೆರಡು ಎಂಬ ಭಿನ್ನರಾಶಿಯಲ್ಲಿ ಗಂಡಹೆಂಡಿರಿಬ್ಬರೂ ಕೆಳಗಿನ ಛೇದದಲ್ಲೇ ಉಳಿಯಬೇಕು, ಮೇಲಿನ ಅಂಶಕ್ಕೆ ಬಡ್ತಿ ಬೇಡ.

ಕಣ್ಣು ಬಂದ ಮರುದಿನವೇ ಚಂದ್ರಶೇಖರಪ್ಪ ಕಾರಿನ ಬೀಗದ ಕೈಗೆ ವಿಭೂತಿ ಹಚ್ಚಿ ತಮ್ಮ ಜೇಬಿಗೆ ಹಾಕಿಕೊಂಡರು. ಕಲ್ಲಮ್ಮ ಅದನ್ನು ವಾಪಸ್ಸು ಕೇಳಿದರು. ಒಂದು ವಾರ ಮನೆಯಲ್ಲಿ ಮಾತು ಕಡಿಮೆಯಾಗಿ ಪಾತ್ರೆಗಳ ಸದ್ದು ಹೆಚ್ಚಾಯಿತು. ಅಷ್ಟರಲ್ಲಿ ಭದ್ರಾವತಿಯ ಜನ್ನಾಪುರದಿಂದ ಜ್ಞಾನೇಶನ ಫೋನು ಬಂತು. ಜ್ಞಾನೇಶ ಕಲ್ಲಮ್ಮನವರ ಹಳೆಯ ವಿದ್ಯಾರ್ಥಿ, ಈಗ ಅಲ್ಲಿನ ನಿವಾಸಿಗಳ ಸಂಘದ ಕಾರ್ಯದರ್ಶಿ. ರಸ್ತೆ ಸುರಕ್ಷತಾ ಸಪ್ತಾಹಕ್ಕೆ ಮೇಡಂ ಬಂದು ಮಾತಾಡಬೇಕು, ವಿಷಯ ಅವರ ಇಷ್ಟ ಎಂದ. ಕಲ್ಲಮ್ಮ ಅಲ್ಲೇ ನಿಂತು ವಿಷಯ ಹೇಳಿದರು: ದೇಶದೇಶಗಳ ರಸ್ತೆ ಸುರಕ್ಷತೆ, ಒಂದು ತೌಲನಿಕ ನೋಟ. ಫೋನು ಇಟ್ಟ ಮೇಲೆ ಅವರಿಗೊಂದು ಮಹದಾಲೋಚನೆ ಹೊಳೆಯಿತು. (ಹೊಳೆಯದಿದ್ದರೆ ಒಳ್ಳೆಯದಿತ್ತು.) ಆಲ್ಕೊಳದ ತಮ್ಮ ಮನೆಯಿಂದ ಜನ್ನಾಪುರಕ್ಕೆ ಹೋಗಿ ಬರುವವರೆಗೆ ತಾವೇ ಕಾರು ಓಡಿಸುವುದು, ಅದೂ ಅಪ್ಪಟ ನಾರ್ವೆಯ ನಿಯಮದಂತೆ. ಒಂದು ಗೀರೂ ಇಲ್ಲದೆ, ದಂಡವೂ ಇಲ್ಲದೆ ತಲುಪಿದರೆ ಬೀಗದ ಕೈ ಶಾಶ್ವತವಾಗಿ ತಮ್ಮದು. ಇಲ್ಲವಾದರೆ ಗಂಡನದು.

"ರೈಟ್," ಎಂದರು ಚಂದ್ರಶೇಖರಪ್ಪ.

ಆ ಪದ ಕಿವಿಗೆ ಬಿದ್ದಾಗ ಕಲ್ಲಮ್ಮನವರಿಗೆ ಇನ್ನೊಂದು ಶಿಸ್ತು ನೆನಪಾಯಿತು. ಹೊರಡುವ ದಿನ ಬೆಲ್ಟು ಬಿಗಿದುಕೊಂಡು, ಪಕ್ಕದಲ್ಲಿ ಕುಳಿತ ಗಂಡನಿಗೆ ಪಾಠ ಹೇಳಿದರು. ದಾರಿಯುದ್ದಕ್ಕೂ ನಾಲ್ಕೇ ಪದ: ಲೆಫ್ಟ್, ರೈಟ್, ಸ್ಟ್ರೇಟ್, ಸ್ಟಾಪ್. ನಾಲ್ಕಕ್ಕೂ ಪ್ರಪಂಚವೆಲ್ಲ ಒಪ್ಪಿದ ಒಂದೊಂದೇ ಅರ್ಥ. ಐದನೆಯ ಪದ ಹೇಳಿದರೂ ತಮಗೆ ಕೇಳಿಸುವುದಿಲ್ಲ. ಚಂದ್ರಶೇಖರಪ್ಪ ಒಳ್ಳೆಯ ಹುಡುಗನಂತೆ ತಲೆಯಾಡಿಸಿದರು.

ನಾರ್ವೆಯಲ್ಲಿ ಮುಂದಿನ ವಾಹನಕ್ಕೂ ನಮಗೂ ನಡುವೆ ಮೂರು ಸೆಕೆಂಡಿನ ಅಂತರ ಬಿಡಬೇಕು. ಶಿವಮೊಗ್ಗ ದಾಟಿದ ಮೇಲೆ ಕಲ್ಲಮ್ಮ ಅಂತರ ಬಿಟ್ಟರು. ಆ ಅಂತರದಲ್ಲಿ ಅಡಿಕೆ ಚೀಲ ಹೊತ್ತ ಒಂದು ಲಗೇಜ್ ಆಟೊ ಬಂದು ಕುಳಿತಿತು. ಕಲ್ಲಮ್ಮ ಆಟೊದಿಂದ ಅಂತರ ಬಿಟ್ಟರು. ಎರಡು ಬೈಕು ಬಂದವು. ಒಬ್ಬನ ಹೆಲ್ಮೆಟ್ಟು ಮೊಣಕೈಯನ್ನು ಭದ್ರವಾಗಿ ಕಾಪಾಡುತ್ತಿತ್ತು. ಬೈಕಿನಿಂದ ಬಿಟ್ಟ ಅಂತರಕ್ಕೆ ಒಂದು ಎಮ್ಮೆ ಬಂತು. ನಮ್ಮ ರಸ್ತೆಯಲ್ಲಿ ಅಂತರ ಬಿಡುವುದೆಂದರೆ ಊರಿಗೆಲ್ಲ ಆಮಂತ್ರಣ ಕೊಟ್ಟಂತೆ. ಪ್ರತಿಯೊಬ್ಬರಿಗೂ ಮೂರು ಮೂರು ಸೆಕೆಂಡು ಬಿಟ್ಟುಕೊಡುತ್ತ ಕಲ್ಲಮ್ಮ ಎಷ್ಟು ಹಿಂದೆ ಸರಿದರೆಂದರೆ, ಇದೇ ಗತಿಯಲ್ಲಿ ಮುಂದುವರಿದರೆ ಸಂಜೆಯ ಹೊತ್ತಿಗೆ ವಾಪಸ್ಸು ಆಲ್ಕೊಳ ತಲುಪುವ ಸಂಭವವಿತ್ತು. ಚಂದ್ರಶೇಖರಪ್ಪನವರ ಬಲಗೈ ತಾನಾಗಿಯೇ ಎದ್ದು, ಇಲ್ಲದ ಹಾರ್ನನ್ನು ಗಾಳಿಯಲ್ಲಿ ಒತ್ತುತ್ತಿತ್ತು.

ನಿದಿಗೆ ಎಂಬ ಊರು ದಾಟಿ ಸ್ವಲ್ಪ ದೂರದಲ್ಲಿ ಒಂದು ಜೀಬ್ರಾ ಕ್ರಾಸಿಂಗ್ ಸಿಕ್ಕಿತು. ಪಟ್ಟೆಗಳೆಲ್ಲ ಅಳಿಸಿ ಜೀಬ್ರಾ ಹೋಗಿ ಕತ್ತೆಯಾಗಿತ್ತು. ಆದರೂ ನಿಯಮ ನಿಯಮವೇ. ಅದರ ತುದಿಯಲ್ಲಿ ಸೊಪ್ಪಿನ ಬುಟ್ಟಿ ಹೊತ್ತ ಒಬ್ಬ ಅಜ್ಜಿ ನಿಂತಿದ್ದಳು. ಕಲ್ಲಮ್ಮ ಕಾರು ನಿಲ್ಲಿಸಿ, ದಾಟಿ ಎಂದು ಕೈ ತೋರಿಸಿದರು. ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದಳು. ಕಲ್ಲಮ್ಮ ಮತ್ತೆ ಕೈ ತೋರಿಸಿದರು. ಅಜ್ಜಿ ಇನ್ನೊಂದು ಹೆಜ್ಜೆ ಹಿಂದೆ ಸರಿದಳು. ಹಿಂದೆ ನಿಂತ ಲಾರಿಗಳು ತಾರಕ ಸ್ವರದಲ್ಲಿ ಕಲ್ಲಮ್ಮನವರ ವಂಶವನ್ನು ವಿಚಾರಿಸತೊಡಗಿದವು. ಕೊನೆಗೆ ಅಜ್ಜಿಯೇ ಧೈರ್ಯ ಮಾಡಿ ಕಿಟಕಿಯ ಹತ್ತಿರ ಬಂದಳು.

"ಏನ್ ತಾಯಿ, ಗಾಡಿ ಕೆಟ್ಟೋಯ್ತಾ?"

"ಇಲ್ಲ. ನೀವು ದಾಟಲಿ ಅಂತ ನಿಲ್ಲಿಸಿದ್ದೀನಿ."

"ನಾನ್ಯಾಕೆ ದಾಟ್ಲಿ? ನಾನು ಬಸ್ಸಿಗೆ ನಿಂತಿರೋಳು." ಅಜ್ಜಿ ಕಾರಿನೊಳಗೆ ಇಣುಕಿ, ಇಬ್ಬರ ಮುಖವನ್ನೂ ನೋಡಿ, ಇವರು ಮೋಸದವರಲ್ಲ ಎಂದು ತೀರ್ಮಾನಿಸಿದಳು. "ಭದ್ರಾವತಿ ಬಸ್ ಸ್ಟ್ಯಾಂಡಿಗೆ ಹೋಗ್ತೈತಾ ಇದು?"

ಉತ್ತರಕ್ಕೆ ಕಾಯದೆ ಹಿಂಬಾಗಿಲು ತೆರೆದು, ಬುಟ್ಟಿಯ ಸಮೇತ ಒಳಗೆ ಕುಳಿತಳು. ಪಾದಚಾರಿಗೆ ಪ್ರಥಮ ಆದ್ಯತೆ ಕೊಟ್ಟ ಮೇಲೆ ಪಾದಚಾರಿ ಕಾರಿನೊಳಗೇ ಬಂದು ಕುಳಿತರೆ ಏನು ಮಾಡಬೇಕೆಂದು ನಾರ್ವೆಯವರು ಎಲ್ಲೂ ಬರೆದಿಟ್ಟಿರಲಿಲ್ಲ. ಕಲ್ಲಮ್ಮ ಕಾರು ಹೊರಡಿಸಿದರು.

ಭದ್ರಾವತಿಯವರೆಗೆ ಮತ್ತೇನೂ ಆಗಲಿಲ್ಲ. ಒಂದು ಗೀರಿಲ್ಲ, ಒಂದು ಹಾರ್ನಿಲ್ಲ. ಬೀಗದ ಕೈ ತಮ್ಮದಾದಂತೆಯೇ ಎಂದು ಕಲ್ಲಮ್ಮನವರಿಗೆ ಅನಿಸಿತು. ಚಂದ್ರಶೇಖರಪ್ಪ ಸೋತ ಮುಖ ಮಾಡಿಕೊಂಡು ಸೊಪ್ಪಿನ ವಾಸನೆ ಕುಡಿಯುತ್ತ ಕುಳಿತಿದ್ದರು. ಬಸ್ ನಿಲ್ದಾಣದ ಎದುರಿನ ಕೂಡುರಸ್ತೆ ಬಂತು. ಜನ್ನಾಪುರಕ್ಕೆ ನೇರ ಹೋಗಬೇಕು. ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡುವುದು ನಾರ್ವೆಯ ದೊಡ್ಡ ನಿಯಮ. ಭದ್ರಾವತಿಯಲ್ಲಿ ಬಲಗಡೆಗೆ ಇದ್ದದ್ದು ಬಸ್ ನಿಲ್ದಾಣ.

ಒಂದು ಬಸ್ಸು ಹೊರಬಂತು. ಕಲ್ಲಮ್ಮ ದಾರಿ ಬಿಟ್ಟರು. ಇನ್ನೊಂದು ಬಂತು. ಅದಕ್ಕೂ ಬಿಟ್ಟರು. ಬಸ್ಸು ಹೆರುವುದನ್ನು ನಿಲ್ದಾಣ ನಿಲ್ಲಿಸಲೇ ಇಲ್ಲ. ಹಿಂದೆ ವಾಹನಗಳ ಸಾಲು ಬೆಳೆಯಿತು. ಯಾರೋ ಬಂದು ಕಾರಿನೊಳಗೆ ಇಣುಕಿ, ಯಾರಿಗೂ ಹೃದಯಾಘಾತವಾಗಿಲ್ಲ ಎಂದು ನಿರಾಶರಾಗಿ ಹೋದರು. ಚಂದ್ರಶೇಖರಪ್ಪ ತುಟಿ ಕಚ್ಚಿ ಕುಳಿತಿದ್ದರು. ಆದರೆ ಅದೇ ನಿಲ್ದಾಣ, ಅದೇ ಡೀಸೆಲ್ ಹೊಗೆ, ಏಜೆಂಟರ ಅದೇ ಕೂಗು. ಎರಡು ಬಸ್ಸುಗಳ ನಡುವೆ ಒಂದು ಸಂದು ಬಿಟ್ಟಿದ್ದು ಅವರ ಹೊಸ ಕಣ್ಣಿಗೆ ಕಂಡಿತು. ಕೈ ಕಿಟಕಿಯಿಂದ ಆಚೆ ಹೋಯಿತು. ಬಾಗಿಲ ತಗಡಿನ ಮೇಲೆ ದಬದಬ ಎರಡು ಏಟು ಬಿತ್ತು.

"ರೈಟ್ ರೈಟ್."

ಕಾನೂನು ಮಾಡಿದವರೇ ಅದನ್ನು ಪಾಲಿಸದಿದ್ದರೆ ಇನ್ನಾರು ಪಾಲಿಸಬೇಕು? ಕಲ್ಲಮ್ಮ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಬಲಕ್ಕೆ ತಿರುಗಿದರು.

ಬಸ್ಸುಗಳು ಹೊರಬರುವ ದ್ವಾರದಿಂದ ಕಾರು ಒಳಗೆ ಹೋಯಿತು. ಎದುರು ಬಂದ ಬಸ್ಸನ್ನು ತಪ್ಪಿಸಿ, ಇನ್ನೊಂದನ್ನು ಬಳಸಿ, ಎರಡು ಬಸ್ಸುಗಳ ನಡುವೆ ಪ್ಲಾಟ್‌ಫಾರಮ್ಮಿಗೆ ಮೂತಿ ಹಚ್ಚಿ ಅಚ್ಚುಕಟ್ಟಾಗಿ ನಿಂತಿತು. ತರೀಕೆರೆ, ಬೀರೂರು, ಕಡೂರು ಎಂದು ಕೂಗುತ್ತಿದ್ದ ಏಜೆಂಟನೊಬ್ಬ ಬಂದು, ಇದು ಯಾವ ಊರಿಗೆ ಎಂದು ಕೇಳಿದ.

"ನೀವು ರೈಟ್ ಅಂದ್ರಿ," ಎಂದರು ಕಲ್ಲಮ್ಮ.

"ರೈಟ್ ಅಂದ್ರೆ ಬಲಕ್ಕೆ ಹೋಗೋದೇನೆ? ರೈಟ್ ಅಂದ್ರೆ ಹೊರಡು ಅಂತ. ನಮ್ಮಪ್ಪನ ಬಸ್ಸು ಜನ್ಮವೆಲ್ಲ ರೈಟ್ ರೈಟ್ ಅನ್ನಿಸ್ಕೊಂಡೇ ಓಡಿತು. ಒಂದು ದಿನ ಆದ್ರೂ ಬಲಕ್ಕೆ ತಿರುಗಿತ್ತೇನು ಮಾರಾಯ್ತಿ?"

ಕಲ್ಲಮ್ಮ ಉತ್ತರ ಕೊಡುವ ಮೊದಲೇ ಅಜ್ಜಿ ಕೆಳಗಿಳಿದಿದ್ದಳು. ಹೇಳಿದ ಜಾಗಕ್ಕೆ, ಪ್ಲಾಟ್‌ಫಾರಮ್ಮಿನ ಬುಡಕ್ಕೇ ತಂದು ಇಳಿಸಿದ ಡ್ರೈವರನ್ನು ಅವಳು ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಬುಟ್ಟಿಯಿಂದ ಎರಡು ಕಟ್ಟು ಹರಿವೆ ಸೊಪ್ಪು ತೆಗೆದು ಕಿಟಕಿಯಿಂದ ಕಲ್ಲಮ್ಮನವರ ಮಡಿಲಿಗೆ ಹಾಕಿ, "ಚಾರ್ಜು ಇಟ್ಕ ತಾಯಿ," ಎಂದು ದೊಡ್ಡ ದನಿಯಲ್ಲಿ ಹೇಳಿ ಹೋದಳು. ಆ ದೊಡ್ಡ ದನಿ ಟ್ರಾಫಿಕ್ ಹೆಡ್ ಕಾನ್‌ಸ್ಟೇಬಲ್ ಹಾಲಸ್ವಾಮಿಯವರ ಕಿವಿಗೆ ಬಿತ್ತು.

ಹಾಲಸ್ವಾಮಿ ನಿಧಾನಸ್ಥ ಮನುಷ್ಯ. ಬಂದು ನಂಬರ್ ಪ್ಲೇಟು ನೋಡಿದರು, ಸೊಪ್ಪು ನೋಡಿದರು, ಕಲ್ಲಮ್ಮನವರ ನರೆತ ಕೂದಲು ನೋಡಿದರು. ಸ್ವಂತದ ಗಾಡಿಯಲ್ಲಿ ಬಾಡಿಗೆ ಹೊಡೆಯುವವರನ್ನು ತಾವು ಕಂಡಿರುವುದುಂಟು, ಆದರೆ ಬಸ್ ಸ್ಟ್ಯಾಂಡಿನೊಳಗೇ ಬಂದು, ಅದೂ ಹೊರಗೆ ಹೋಗುವ ಗೇಟಿನಿಂದ ಬಂದು, ಪ್ಯಾಸೆಂಜರ್ ಇಳಿಸುವವರನ್ನು ಇದೇ ಮೊದಲು ನೋಡುತ್ತಿರುವುದು ಎಂದರು. ಕಲ್ಲಮ್ಮ ಎಲ್ಲವನ್ನೂ ಕ್ರಮವಾಗಿ ವಿವರಿಸಿದರು: ಜೀಬ್ರಾ, ನಾರ್ವೆ, ನಾಲ್ಕು ಪದ. ವಿವರಿಸಿದಷ್ಟೂ ಹಾಲಸ್ವಾಮಿ ಅವರ ಬಾಯಿಯ ವಾಸನೆ ಹಿಡಿಯಲು ಹತ್ತಿರ ಬಾಗುತ್ತಿದ್ದರು.

"ನಾನು ಜನ್ನಾಪುರದಲ್ಲಿ ರಸ್ತೆ ಸುರಕ್ಷತೆಯ ಬಗ್ಗೆ ಉಪನ್ಯಾಸ ಕೊಡೋಕೆ ಹೋಗ್ತಿದ್ದೀನಿ," ಎಂದರು ಕಲ್ಲಮ್ಮ ಕೊನೆಯ ಅಸ್ತ್ರವಾಗಿ.

ಹಾಲಸ್ವಾಮಿ ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡಿಕೊಂಡರು. "ಮುಖ್ಯ ಭಾಷಣಕಾರರು ನೀವೇನಾ ಮೇಡಂ?" ಎಂದರು. ಅವರು ನಗಲಿಲ್ಲ. ನಕ್ಕಿದ್ದರೆ ಕಲ್ಲಮ್ಮ ಬದುಕಿಕೊಳ್ಳುತ್ತಿದ್ದರು. "ಇಲಾಖೆಯಿಂದ ನನ್ನೂ ಅಲ್ಲಿಗೇ ಹಾಕಿದ್ದಾರೆ. ದಂಡ ಕಟ್ಟಿಬಿಡಿ, ಒಟ್ಟಿಗೇ ಹೋಗೋಣ. ಹಿಂದಿನ ಸೀಟು ಈಗ ಖಾಲಿ ಇದೆಯಲ್ಲ."

ದಂಡ ಕಟ್ಟಿದ್ದಾಯಿತು. ಕಲ್ಲಮ್ಮ ಬೀಗದ ಕೈಯನ್ನು ಗಂಡನ ಅಂಗೈಯಲ್ಲಿಟ್ಟು, ಕಾರಿನ ಮುಂದಿನಿಂದ ಸುತ್ತಿ ಬಂದು ಎಡಗಡೆಯ ಸೀಟಿನಲ್ಲಿ ಕುಳಿತರು. ಬೀಗದ ಕೈಯ ಮೇಲೆ ಇನ್ನೂ ಸ್ವಲ್ಪ ವಿಭೂತಿ ಇತ್ತು.

ಚಂದ್ರಶೇಖರಪ್ಪ ಹಾರ್ನಿನ ಮೇಲೆ ಕೈಯಿಟ್ಟಿದ್ದೇ ಬಸ್ಸುಗಳು ಸರಿದು ದಾರಿ ಬಿಟ್ಟವು. ಒಂದು ಆಟೊವನ್ನು ಎಡದಿಂದ ಹಿಂದೆ ಹಾಕಿ, ಎರಡು ಹಂಪುಗಳನ್ನು ಹಂಪುಗಳೆಂದು ಒಪ್ಪಿಕೊಳ್ಳದೆ ಹಾರಿಸಿ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಜನ್ನಾಪುರ ತಲುಪಿಸಿದರು. (ಕಲ್ಲಮ್ಮ ಮುಚ್ಚಿದ ಕಣ್ಣನ್ನು ಅಲ್ಲೇ ತೆರೆದದ್ದು.) ಸಾರ್ ಕೈ ಎಷ್ಟು ಪಳಗಿದೆಯೆಂದರೆ ತಮಗೆ ಹಿಂದೆ ಸಣ್ಣ ನಿದ್ದೆಯೇ ಬಂತು ಎಂದು ಹಾಲಸ್ವಾಮಿ ಇಳಿಯುವಾಗ ಹೇಳಿದರು.

ಸಭೆಯಲ್ಲಿ ಕಲ್ಲಮ್ಮ ಯಾವ ಆಸೆಯೂ ಇಲ್ಲದೆ ಮಾತಾಡಿದರು. ಬಹುಶಃ ಅದಕ್ಕೇ ಚೆನ್ನಾಗಿ ಮಾತಾಡಿದರು. ನಾರ್ವೆ, ಸ್ವೀಡನ್, ಜಪಾನ್ ಎಂದು ಒಂದೊಂದು ದೇಶದ ಸಂಖ್ಯೆ ಹೇಳಿ, ಪಕ್ಕದಲ್ಲಿ ನಮ್ಮದನ್ನು ಇಟ್ಟರು. ಅಲ್ಲಿಯವರು ನಮಗಿಂತ ಪುಣ್ಯವಂತರಲ್ಲ, ಮನುಷ್ಯ ತಪ್ಪು ಮಾಡುತ್ತಾನೆ ಎಂದು ಮೊದಲೇ ಒಪ್ಪಿಕೊಂಡು ರಸ್ತೆ ಕಟ್ಟಿದವರು ಎಂದರು. ಮೊಸರು ತರಲು ಹೋದವರ ವಿಷಯವನ್ನು ಹೆಸರು ಹೇಳದೆ ಹೇಳಿದರು. ಆಮೇಲೆ ಪ್ರಶ್ನೋತ್ತರ. ಕಾರ್ಖಾನೆಯಿಂದ ನಿವೃತ್ತರಾದ ರಂಗಪ್ಪ ಎಂಬವರು ಎದ್ದು, ನಾರ್ವೆಯಲ್ಲಿ ಹಂಪು ಹಾಕಿಸಲು ಯಾರಿಗೆ ಅರ್ಜಿ ಕೊಡಬೇಕು, ತಮ್ಮ ಬೀದಿಗೆ ಮೂರು ವರ್ಷದಿಂದ ಹಾಕಿಲ್ಲ ಎಂದರು. ಇನ್ನೊಬ್ಬರು ಯಾವ ದೇಶದಲ್ಲಿ ಫೈನು ಎಲ್ಲಕ್ಕಿಂತ ಕಡಿಮೆ ಎಂದು ಕೇಳಿದರು. ಬಳಿಕ ಹಾಲಸ್ವಾಮಿ ಎರಡು ಮಾತಾಡಿ, ವಿದ್ಯಾವಂತರೇ ತಪ್ಪು ಮಾಡಿದರೆ ಜನರಿಗೆ ಹೇಳುವುದು ಹೇಗೆ, ಇವತ್ತೇ ಬಸ್ ಸ್ಟ್ಯಾಂಡಿನಲ್ಲಿ ಒಂದು ಉದಾಹರಣೆ ಸಿಕ್ಕಿತು, ಹೆಸರು ಬೇಡ ಎಂದರು. ಹೆಸರು ಬೇಡವೆನ್ನುತ್ತ ಅವರು ಕಲ್ಲಮ್ಮನವರನ್ನು ಎಷ್ಟು ಗೌರವದಿಂದ ನೋಡಿದರೆಂದರೆ, ಇಡೀ ಸಭೆಯೂ ಅತ್ತಲೇ ನೋಡಿತು. ಜ್ಞಾನೇಶ ಅವಸರವಾಗಿ ವಂದನಾರ್ಪಣೆ ಮಾಡಿದ.

ಇಷ್ಟರ ನಡುವೆ ಒಬ್ಬರು ಮಾತ್ರ ಮುಂದಿನ ಸಾಲಿನಲ್ಲಿ ಮೊದಲಿನಿಂದ ಕೊನೆಯವರೆಗೆ ಕಣ್ಣು ಮಿಟುಕಿಸದೆ ಕೇಳಿದ್ದರು. ಅದು ಹೊಸ ಕಣ್ಣು.

"ಇಷ್ಟು ವರ್ಷ ನೀನು ಅಡುಗೆಮನೆಯಿಂದ ಹೇಳ್ತಿದ್ದೆ," ಎಂದರು ಚಂದ್ರಶೇಖರಪ್ಪ, ಕಾರಿನ ಬಾಗಿಲು ತೆರೆಯುತ್ತ. "ಮೈಕಿನಲ್ಲಿ ಕೇಳಿದ್ದು ಇವತ್ತೇ. ಇಷ್ಟೊಂದು ಜನ ಸಾಯ್ತಾರಾ?"

ಕಲ್ಲಮ್ಮ ಬೆಲ್ಟು ಹಾಕಿಕೊಂಡರು. ಚಂದ್ರಶೇಖರಪ್ಪನವರೂ ಹಾಕಿಕೊಂಡರು. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದರು. ಈ ದೃಶ್ಯಕ್ಕಾಗಿ ಕಲ್ಲಮ್ಮ ಮದುವೆಯಾದಂದಿನಿಂದ ಕಾದಿದ್ದರು.

ನಿದಿಗೆಯ ಹೊತ್ತಿಗೆ ಕಲ್ಲಮ್ಮನವರಿಗೆ ಸಾಕಾಗಿತ್ತು. ಚಂದ್ರಶೇಖರಪ್ಪ ಹಾರ್ನು ಮಾಡಲಿಲ್ಲ. ಮೂರು ಸೆಕೆಂಡಿನ ಅಂತರ ಸಾಲದೆಂದು ತಮ್ಮ ಕಡೆಯಿಂದ ಎರಡು ಸೇರಿಸಿ ಐದು ಬಿಟ್ಟರು. ಬೆಳಿಗ್ಗೆ ಅಂತರದಲ್ಲಿ ನುಗ್ಗಿದವರ ಜೊತೆ ಅವರ ನೆಂಟರಿಷ್ಟರೂ ಈಗ ನುಗ್ಗಿದರು. ಅಳಿಸಿಹೋದ ಜೀಬ್ರಾದ ಮುಂದೆ ಯಾರೂ ಇಲ್ಲದಿದ್ದರೂ, ಯಾರಾದರೂ ಬರಬಹುದೆಂದು ನಿಂತರು. ಬಂದರು. ಮೂವರು ಹೆಂಗಸರು ಬಂದು ಹಿಂಬಾಗಿಲು ತೆರೆಯಲು ನೋಡಿದರು. ಕಲ್ಲಮ್ಮ ಒಳಗಿನಿಂದ ಬೀಗ ಒತ್ತಿದರು. ಅವರಿಗೆ ಹಸಿವಾಗಿತ್ತು, ಸೊಂಟ ನೋಯುತ್ತಿತ್ತು, ಮಡಿಲಲ್ಲಿದ್ದ ಸೊಪ್ಪು ಬಾಡುತ್ತಿತ್ತು. ಒಂದು ಸಲ ಹಾರ್ನ್ ಮಾಡಿದರೆ ನಾರ್ವೆ ಮುಳುಗಿಹೋಗುತ್ತದೆಯೇ ಎಂಬ ಹೀನ ಯೋಚನೆ ಅವರ ವಿದ್ವತ್ಪೂರ್ಣ ತಲೆಯೊಳಗೆ ಬಂದುಹೋಯಿತು.

ಬೀದಿದೀಪ ಹತ್ತುವ ಹೊತ್ತಿಗೆ ಆಲ್ಕೊಳ ಸರ್ಕಲ್ ಬಂತು. ನೇರ ದಾಟಿದರೆ ಮನೆ, ಮನೆಯ ಗೇಟಿನ ದೀಪವೂ ಕಾಣುತ್ತಿತ್ತು. ಚಂದ್ರಶೇಖರಪ್ಪ ಕಾರು ನಿಲ್ಲಿಸಿ ಬಲಗಡೆಯವರಿಗೆ ದಾರಿ ಬಿಟ್ಟರು. ಆಮೇಲೆ ಸೌಜನ್ಯಕ್ಕೆಂದು ಎಡಗಡೆಯವರಿಗೂ ಬಿಟ್ಟರು. ಎದುರಿನವರು ಏನು ಪಾಪ ಮಾಡಿದ್ದಾರೆ ಎಂದು ಅವರಿಗೂ ಬಿಟ್ಟರು. ಶಿವಮೊಗ್ಗ ಜಿಲ್ಲೆಯ ಎಲ್ಲ ವಾಹನಗಳೂ ಒಂದೊಂದಾಗಿ ಕಲ್ಲಮ್ಮನವರ ಮುಂದೆ ಹಾದುಹೋದವು. ಒಂದು ಸಂದು ಸಿಕ್ಕಿತು. ಗಂಡ ಅಲುಗಾಡಲಿಲ್ಲ. ಇನ್ನೊಂದು ಸಿಕ್ಕಿತು. ಆಗಲೂ ಅಲುಗಾಡಲಿಲ್ಲ. ಮೂರನೆಯದು ಸಿಕ್ಕಾಗ ಕಲ್ಲಮ್ಮನವರ ಕೈ, ಅವರ ಅನುಮತಿಯಿಲ್ಲದೆ, ಕಿಟಕಿಯಿಂದ ಆಚೆ ಹೋಯಿತು. ಬಾಗಿಲ ತಗಡಿನ ಮೇಲೆ ದಬದಬ ಎರಡು ಏಟು ಬಿತ್ತು.

"ರೈಟ್ ರೈಟ್," ಎಂದರು ಸಂಖ್ಯಾಶಾಸ್ತ್ರದ ನಿವೃತ್ತ ಮುಖ್ಯಸ್ಥೆ.

ಚಂದ್ರಶೇಖರಪ್ಪ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಬಲಕ್ಕೆ ತಿರುಗಿದರು. ಅಷ್ಟು ಶುದ್ಧವಾದ ತಿರುವನ್ನು ಆಲ್ಕೊಳ ಸರ್ಕಲ್ ಅಂದಿನವರೆಗೆ ಕಂಡಿರಲಿಲ್ಲ. ಮನೆಯ ದೀಪ ಎಡಗಡೆಗೆ ಸರಿದು, ಹಿಂದಾಗಿ, ಮರೆಯಾಯಿತು. ಮುಂದೆ ಉದ್ದಕ್ಕೆ ರಸ್ತೆ, ನಡುವೆ ಸಂದಿಲ್ಲದ ಡಿವೈಡರ್, ಎಲ್ಲೂ ತಿರುವಿಲ್ಲ.

"ಪ್ರಪಂಚವೆಲ್ಲ ಒಪ್ಪಿದ ಅರ್ಥ ತಾನೆ?" ಎಂದು ಅವರು ಕಣ್ಣನ್ನು ರಸ್ತೆಯಿಂದ ತೆಗೆಯದೆ ಕೇಳಿದರು.

ಕಲ್ಲಮ್ಮ ಬಾಡಿದ ಹರಿವೆ ಸೊಪ್ಪನ್ನು ನೋಡಿದರು. ಗಂಡನ ಎರಡೂ ಕೈಗಳನ್ನು ನೋಡಿದರು. ಕೊನೆಗೆ, "ಹೋಲ್ಡಾನ್," ಎಂದರು.

ಒಪ್ಪಿದ ನಾಲ್ಕು ಪದಗಳಲ್ಲಿ ಅದು ಇರಲಿಲ್ಲವಾದ್ದರಿಂದ ಕಾರು ನಿಲ್ಲಲಿಲ್ಲ.